ಮುಚ್ಚಿದ ಲೋಪಾಸ್ ಗೇಟಿನಿಂದ ಪಂಚಮ ಸೋರುತ್ತಿದೆ: ಕಾರಣ ಹುಡುಕುವುದು ಹೇಗೆ?

ಶ್ರುತಿಪೆಟ್ಟಿಗೆ, ತುಮಕೂರು

ಎಲ್ಲರಿಗೂ ನಮಸ್ಕಾರ.

ಬಿಡುವಿನ ವೇಳೆಯಲ್ಲಿ ನಾನೇ ಬೆಸುಗೆ ಹಾಕಿ, ಒಂದೊಂದೇ ಮಾಡ್ಯೂಲ್ ಸೇರಿಸುತ್ತ ಕಟ್ಟಿಕೊಂಡಿರುವ ಒಂದು ಸಣ್ಣ ಮಾಡ್ಯುಲರ್ ಸಿಂಥಸೈಸರ್ (ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ನಮ್ಮ ಮನೆಯಲ್ಲಿದೆ. ಪೆಟ್ಟಿಗೆ ಹಲಸಿನ ಹಲಗೆಯದು. ಮುಂಫಲಕಗಳನ್ನು ಇಲ್ಲಿ ಬಿ.ಎಚ್. ರಸ್ತೆಯಲ್ಲಿ ವಾಹನಗಳ ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆಯಿಂದ ಕತ್ತರಿಸಿಕೊಂಡೆ. ಬಿಡಿಭಾಗಗಳನ್ನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ನನ್ನ ಅಕ್ಕ ಹಾಡುತ್ತಾಳೆ. ಅವಳ ಐದು ಮನೆ ಶ್ರುತಿಗೆ ಹೊಂದಿಸಿದ, ಸ್ವರ ಹುಟ್ಟಿಸುವ ಮೂರು ಆಸಿಲೇಟರ್‌ಗಳನ್ನು ನಾಲ್ಕು ಚಾನೆಲ್‌ಗಳ ಲೋಪಾಸ್ ಗೇಟಿನ (ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಸದ್ದನ್ನು ತೆರೆದು ಮುಚ್ಚುವ ಸರ್ಕ್ಯೂಟಿನ) ಮೂಲಕ ಹಾಯಿಸಿ, ಜಲತರಂಗದ ಬಟ್ಟಲನ್ನು ಮೆಲ್ಲಗೆ ತಟ್ಟಿದಂತಹ ಬಿಡಿ ಸ್ವರಗಳನ್ನು ಅವಳ ಆಲಾಪನೆಯ ನಡುನಡುವೆ ಇಡಬೇಕೆಂಬುದು ನನ್ನ ಆಸೆ. ಆ ನಾದಕ್ಕೆ ಲೋಪಾಸ್ ಗೇಟಿನಷ್ಟು ಒಪ್ಪುವ ಇನ್ನೊಂದು ಸಾಧನವನ್ನು ನಾನು ಕಂಡಿಲ್ಲ. ಸದ್ದು ತಗ್ಗುತ್ತ ಹೋದಂತೆ ಅದರ ಹೊಳಪೂ ಜೊತೆಯಲ್ಲೇ ತಗ್ಗುತ್ತದೆ. ಪಿಂಗಾಣಿಯನ್ನೋ ಮರವನ್ನೋ ತಟ್ಟಿದಾಗ ಕಿವಿಗೆ ಕೇಳುವುದೂ ಅದೇ.

ತೊಂದರೆ ಮೊದಲು ಗೊತ್ತಾದದ್ದು ಅಕ್ಕನಿಗೆ. ಕಳೆದ ವಾರ ಹಿಂದೋಳ ಹಾಡುತ್ತಿದ್ದವಳು ನಡುವೆಯೇ ನಿಲ್ಲಿಸಿ, "ಇದರಲ್ಲಿ ಪಂಚಮ ಎಲ್ಲಿಂದ ಬಂತು?" ಎಂದು ಕೇಳಿದಳು. ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಹಿಂದಿನ ದಿನ ಮೋಹನಕ್ಕೆಂದು ಮಂದ್ರ ಪಂಚಮದಲ್ಲಿ, ಅಂದರೆ 147 ಹರ್ಟ್ಸ್‌ನಲ್ಲಿ, ನಿಲ್ಲಿಸಿದ್ದ ಮೂರನೆಯ ಆಸಿಲೇಟರ್ ಹಾಗೆಯೇ ಉಳಿದಿತ್ತು. ಅದರ ಗೇಟಿನ ನಾಬ್ ಸೊನ್ನೆಯಲ್ಲಿತ್ತು; ಗೇಟನ್ನು ತೆರೆದು ಮುಚ್ಚುವ ವೋಲ್ಟೇಜ್ ಕೊಡುವ ಎನ್ವೆಲಪ್‌ನ ಕೇಬಲ್ ಚುಚ್ಚಿತ್ತಾದರೂ ಅದನ್ನು ನಾನು ಒಮ್ಮೆಯೂ ಚಾಲೂ ಮಾಡಿರಲಿಲ್ಲ. ಆದರೂ ಮುಚ್ಚಿದ ಬಾಗಿಲಿನ ಹಿಂದೆ ಯಾರೋ ತಂಬೂರಿ ಮೀಟುತ್ತಿರುವಂತೆ ಪಂಚಮ ಕೇಳುತ್ತಿತ್ತು.

ಸರ್ಕ್ಯೂಟಿನ ವಿವರ ಹೀಗಿದೆ. ಪ್ರತಿ ಚಾನೆಲ್‌ನಲ್ಲಿ ಎರಡು ಎಲ್‌ಡಿಆರ್‌ಗಳು (ಬೆಳಕು ಬಿದ್ದಾಗ ರೋಧ ಇಳಿಯುವ ರೆಸಿಸ್ಟರ್‌ಗಳು) ಸಾಲಾಗಿವೆ. ಮೊದಲನೆಯದರ ನಂತರ 1 ನ್ಯಾನೊಫ್ಯಾರಡ್, ಎರಡನೆಯದರ ನಂತರ 220 ಪಿಕೊಫ್ಯಾರಡ್ ಕೆಪಾಸಿಟರ್ ನೆಲಕ್ಕೆ (ಗ್ರೌಂಡಿಗೆ) ಹೋಗುತ್ತವೆ. ಸ್ವಿಚ್ಚನ್ನು ವಿಸಿಎ ಸ್ಥಾನಕ್ಕೆ (ಸದ್ದಿನ ಮಟ್ಟ ಮಾತ್ರ ಏರಿಳಿಯುವ ಸ್ಥಾನ) ತಂದರೆ ಕೊನೆಯಲ್ಲಿ 4.7 ಕಿಲೋಓಮ್ ನೆಲಕ್ಕೆ ಸೇರುತ್ತದೆ. ಮಟ್ಟ, ಹೊಳಪು ಎರಡೂ ಒಟ್ಟಿಗೆ ಏರಿಳಿಯುವ 'ಎರಡೂ' ಎಂಬ ಸ್ಥಾನದಲ್ಲಿ ಅದರ ಬದಲಿಗೆ 4.7 ಮೆಗಾಓಮ್ ಸೇರುತ್ತದೆ. ವ್ಯಾಕ್ಟ್ರಾಲ್‌ಗಳನ್ನು (ಎಲ್‌ಇಡಿ, ಎಲ್‌ಡಿಆರ್ ಎರಡನ್ನೂ ಒಂದೇ ಕತ್ತಲ ಕವಚದಲ್ಲಿಟ್ಟ ಜೋಡಿ) ನಾನೇ ಮಾಡಿದ್ದೇನೆ: ಜಿಎಲ್5528 ಎಲ್‌ಡಿಆರ್ ಮತ್ತು 3 ಮಿಲಿಮೀಟರಿನ ಕೆಂಪು ಎಲ್‌ಇಡಿಯನ್ನು ಎದುರುಬದುರಾಗಿಟ್ಟು, ಕಪ್ಪು ಹೀಟ್ ಶ್ರಿಂಕ್ ಟ್ಯೂಬಿನೊಳಗೆ ಸೇರಿಸಿ, ಎರಡು ತುದಿಗೂ ಹಾಟ್ ಗ್ಲೂ ತುಂಬಿದ್ದೇನೆ. ಎಲ್‌ಇಡಿಗಳೆರಡೂ ಟಿಎಲ್072 ಆಪ್‌ಆಂಪಿನ (ಆಂಪ್ಲಿಫೈಯರ್ ಚಿಪ್ಪಿನ) ಫೀಡ್‌ಬ್ಯಾಕ್ ಹಾದಿಯಲ್ಲಿವೆ. 470 ಓಮಿನ ಒಂದು ರೆಸಿಸ್ಟರ್ ಅವುಗಳ ಕರೆಂಟನ್ನು ನಿರ್ಧರಿಸುತ್ತದೆ.

ಸಣ್ಣ ಆಸಿಲೋಸ್ಕೋಪಿನಲ್ಲಿ ಅಳೆದಾಗ, ವಿಸಿಎ ಸ್ಥಾನದಲ್ಲಿ ಗೇಟು ತೆರೆದಿದ್ದರೆ ತುದಿಯಿಂದ ತುದಿಗೆ 8 ವೋಲ್ಟ್, ಮುಚ್ಚಿದ್ದರೆ 180 ಮಿಲಿವೋಲ್ಟ್ ಬರುತ್ತಿದೆ. 'ಎರಡೂ' ಸ್ಥಾನದಲ್ಲಂತೂ ಗೇಟು ಮುಚ್ಚುವುದೇ ಇಲ್ಲ ಎನ್ನಬೇಕು. ಮೇಲಿನ ಹೊಳಪು ಮಾತ್ರ ಹೋಗಿ, ಸ್ವರ ಹಾಗೆಯೇ ನಿಲ್ಲುತ್ತದೆ. ಇದು ಲೋಪಾಸ್ ಗೇಟುಗಳ ಸಹಜ ಗುಣವೋ ನನ್ನ ಕೆಲಸದಲ್ಲಿ ಉಳಿದ ದೋಷವೋ ತಿಳಿಯುತ್ತಿಲ್ಲ. ಎಲ್ಲಿಂದ ಹುಡುಕಲು ತೊಡಗಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಲಾರದ ಕಿವಿ, ಕೋಲಾರ

ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಸಂಗತಿಯನ್ನು ಖಚಿತ ಮಾಡಿಕೊಳ್ಳಿ: ಸದ್ದು ಗೇಟಿನ ಒಳಗಿನಿಂದ ಬರುತ್ತಿದೆಯೋ, ಗೇಟನ್ನು ಹಾಯದೆ ಸುತ್ತುದಾರಿಯಿಂದ ಬರುತ್ತಿದೆಯೋ. ಇವೆರಡೂ ಕಿವಿಗೆ ಒಂದೇ ರೀತಿ ಕೇಳುತ್ತವೆ, ಆದರೆ ಮದ್ದು ಬೇರೆ ಬೇರೆ.

ಆಸಿಲೇಟರ್ ಓಡುತ್ತಿರಲಿ; ಗೇಟಿನ ಇನ್‌ಪುಟ್‌ನಿಂದ ಕೇಬಲನ್ನು ಮಾತ್ರ ಕೀಳಿ. ಪಂಚಮ ಪೂರ್ತಿಯಾಗಿ ನಿಂತರೆ ಸದ್ದು ಗೇಟಿನ ಮೂಲಕವೇ ಬರುತ್ತಿತ್ತು ಎಂದರ್ಥ. ನಿಲ್ಲದಿದ್ದರೆ, ಒಂದು 3.5 ಮಿಲಿಮೀಟರ್ ಪ್ಲಗ್ಗಿನ ತುದಿಯನ್ನೂ ಮೈಯನ್ನೂ ಒಂದು ತುಂಡು ತಂತಿಯಿಂದ ಸೇರಿಸಿ ಬೆಸೆದು, ಆ ಪ್ಲಗ್ಗನ್ನು ಗೇಟಿನ ಇನ್‌ಪುಟ್‌ಗೆ ಚುಚ್ಚಿ ನೋಡಿ. ಆಗ ನಿಂತರೆ, ಖಾಲಿ ಜ್ಯಾಕ್ ಗಾಳಿಯಲ್ಲಿ ತೇಲುತ್ತ ಅಕ್ಕಪಕ್ಕದ ಸದ್ದನ್ನು ಹಿಡಿಯುತ್ತಿತ್ತು ಎಂದು ತಿಳಿಯಬೇಕು. ಜ್ಯಾಕಿನ ಸ್ವಿಚ್ ಕಾಲನ್ನು ನೆಲಕ್ಕೆ ಬೆಸೆದರೆ ಅದು ಮುಗಿಯುತ್ತದೆ. ಆಗಲೂ ನಿಲ್ಲದಿದ್ದರೆ ಅದೇ ಪ್ಲಗ್ಗನ್ನು ಮಿಕ್ಸರಿನ ಇನ್‌ಪುಟ್‌ಗೆ ಚುಚ್ಚಿ. ಅಲ್ಲಿಯೂ ಪಂಚಮ ಕೇಳಿದರೆ ಗೇಟಿಗೂ ನಿಮ್ಮ ತೊಂದರೆಗೂ ಸಂಬಂಧವಿಲ್ಲ. ವಿದ್ಯುತ್ ಹಂಚುವ ಪಟ್ಟಿಯನ್ನು ನೋಡಬೇಕಾಗುತ್ತದೆ.

ಆ ಪಟ್ಟಿಯ ಮೇಲೆ ಅನೇಕರು ಮೊದಲೇ ಸಂಶಯ ಪಡುತ್ತಾರೆ, ಆದ್ದರಿಂದ ಒಂದು ಅಂದಾಜು ಹೇಳುತ್ತೇನೆ. ನೆಲದ ತಂತಿಯ ರೋಧ 0.1 ಓಮ್ ಇದ್ದು, ಅದರಲ್ಲಿ ಆಸಿಲೇಟರಿನ 30 ಮಿಲಿಆಂಪಿಯರ್ ಏರಿಳಿಯುತ್ತಿದ್ದರೂ ಅಲ್ಲಿ ಹುಟ್ಟುವುದು 3 ಮಿಲಿವೋಲ್ಟ್ ಮಾತ್ರ. ನೀವು ಹೇಳುವ 180 ಮಿಲಿವೋಲ್ಟ್ ಆ ಹಾದಿಯಲ್ಲಿ ಬರುವಷ್ಟು ಸಣ್ಣದಲ್ಲ. ಇನ್ನು ನಮ್ಮ ಕಡೆ ಬೇಸಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದಾಗ ಸ್ಪೀಕರಿನಲ್ಲಿ ಕೇಳುವ 50 ಹರ್ಟ್ಸ್‌ನ ಗುಂಯ್‌ಗಾರ ಬೇರೆಯದೇ ವಿಷಯ. ಅದು ಆಸಿಲೇಟರಿನ ಶ್ರುತಿ ಬದಲಿಸಿದರೆ ಬದಲಾಗುವುದಿಲ್ಲ, ಸೋರಿಕೆ ಬದಲಾಗುತ್ತದೆ. ಶ್ರುತಿಯ ನಾಬನ್ನು ಸ್ವಲ್ಪ ತಿರುಗಿಸಿ ನೋಡಿದರೆ ಎರಡರಲ್ಲಿ ಯಾವುದೆಂಬುದು ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಬೆಸುಗೆಕಡ್ಡಿ, ಕೆಜಿಎಫ್

ಶ್ರುತಿಪೆಟ್ಟಿಗೆಯವರೇ, ನೀವು ಅಂಕಿಗಳನ್ನು ಕೊಟ್ಟಿರುವುದರಿಂದ ಅರ್ಧ ಕೆಲಸ ಆಗಿಹೋಗಿದೆ. ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ದುರಸ್ತಿ ಮಾಡುತ್ತ ವೃತ್ತಿಜೀವನ ಕಳೆದವನು ನಾನು. "ಏನೋ ಸೋರುತ್ತಿದೆ" ಎಂದು ಬರೆದಿದ್ದರೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು, "180 ಮಿಲಿವೋಲ್ಟ್" ಎಂದು ಬರೆದಿರುವುದರಿಂದ ಕಾರಣದ ಹತ್ತಿರಕ್ಕೆ ಲೆಕ್ಕದಿಂದಲೇ ಹೋಗಬಹುದು.

ವಿಸಿಎ ಸ್ಥಾನದಲ್ಲಿ ನಿಮ್ಮ ಗೇಟು ಎಂದರೆ ಮೇಲೆ ಎರಡು ಎಲ್‌ಡಿಆರ್, ಕೆಳಗೆ 4.7 ಕಿಲೋಓಮ್, ಅಷ್ಟೆ. 8 ವೋಲ್ಟಿನಲ್ಲಿ 180 ಮಿಲಿವೋಲ್ಟ್ ಎಂದರೆ ಸುಮಾರು 44ರಲ್ಲಿ ಒಂದು ಪಾಲು, ಡೆಸಿಬಲ್ ಲೆಕ್ಕದಲ್ಲಿ 33ರಷ್ಟು ಇಳಿತ. ಈ ಪ್ರಮಾಣ ಬರಬೇಕಾದರೆ ಮೇಲಿನ ಎಲ್‌ಡಿಆರ್‌ಗಳೆರಡೂ ಸೇರಿ 200 ಕಿಲೋಓಮ್ ಆಸುಪಾಸಿನಲ್ಲಿರಬೇಕು, ಅಂದರೆ ತಲಾ 100 ಕಿಲೋಓಮ್. ಜಿಎಲ್5528ನ ಮಾಹಿತಿ ಹಾಳೆಯಲ್ಲಿ ಕತ್ತಲೆಯ ರೋಧ 1 ಮೆಗಾಓಮ್ ಎಂದಿದೆ. ಕತ್ತಲೆಯಲ್ಲಿ ಇರಬೇಕಾದುದರ ಹತ್ತನೆಯ ಒಂದು ಪಾಲು ಮಾತ್ರ ನಿಮ್ಮಲ್ಲಿದೆ ಎಂದ ಮೇಲೆ, ನಿಮ್ಮ ಎಲ್‌ಡಿಆರ್‌ಗಳು ಕತ್ತಲೆಯಲ್ಲಿಲ್ಲ. ಅವುಗಳ ಮೇಲೆ ಎಲ್ಲಿಂದಲೋ ಬೆಳಕು ಬೀಳುತ್ತಿದೆ. ಬೆಳಕು ಬರಬಹುದಾದ ಹಾದಿಗಳು ಎರಡೇ: ಹೊರಗಿನ ಕೋಣೆ, ಒಳಗಿನ ಎಲ್‌ಇಡಿ.

ಹೊರಗಿನ ಬೆಳಕನ್ನು ಪರೀಕ್ಷಿಸುವುದು ಸುಲಭ. ರಾತ್ರಿ ಗೇಟನ್ನು ಮುಚ್ಚಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದು ನಿಮಿಷ ಕಾಯಿರಿ. ಎಲ್‌ಡಿಆರ್ ಕತ್ತಲೆಗೆ ಒಗ್ಗಿಕೊಳ್ಳಲು ಸಮಯ ಬೇಕು, ಆದ್ದರಿಂದ ಸದ್ದು ತಟ್ಟನೆ ನಿಲ್ಲದೆ ಮೆಲ್ಲಮೆಲ್ಲನೆ ತಗ್ಗುತ್ತದೆ. ಆಮೇಲೆ ಮೊಬೈಲಿನ ಟಾರ್ಚನ್ನು ಒಂದೊಂದು ವ್ಯಾಕ್ಟ್ರಾಲ್‌ನ ಹತ್ತಿರಕ್ಕೂ ತನ್ನಿ. ಎಲ್ಲಿ ಸದ್ದು ಏರುತ್ತದೆಯೋ ಅಲ್ಲಿ ಸಂದು ಇದೆ. ನಿಮ್ಮ ಫಲಕ ಪಾರದರ್ಶಕ ಎಂದಿದ್ದೀರಿ, ಹಾಗಾಗಿ ನನಗೆ ಸಂಶಯವೇ ಉಳಿದಿಲ್ಲ.

ಮನೆಯಲ್ಲಿ ಮಾಡಿದ ವ್ಯಾಕ್ಟ್ರಾಲ್‌ಗಳಲ್ಲಿ ಬೆಳಕು ನುಗ್ಗುವುದು ಹೆಚ್ಚಾಗಿ ಬೆನ್ನಿನಿಂದ. ಎಲ್‌ಡಿಆರನ್ನು ತಿರುಗಿಸಿ ಹಿಂಬದಿಯನ್ನು ನೋಡಿ: ಹಾವಿನಂತೆ ಸುತ್ತಿದ ಗೆರೆ ಇರುವ ಮುಖವನ್ನು ನಾವೆಲ್ಲ ಜೋಪಾನವಾಗಿ ಮುಚ್ಚುತ್ತೇವೆ, ಆದರೆ ಕಾಲುಗಳು ಹೊರಡುವ ಬೆನ್ನು ತೆಳುವಾದ ಬಿಳಿ ಪಿಂಗಾಣಿ, ಅದರ ಮೂಲಕ ಬೆಳಕು ಹಾಯುತ್ತದೆ. ಅದರ ಮೇಲೆ ನೀವು ತುಂಬಿರುವ ಹಾಟ್ ಗ್ಲೂ ಹಾಲುಬಣ್ಣದ್ದಾದರೆ ಅದು ಬೆಳಕನ್ನು ತಡೆಯುವ ಬದಲು ಒಳಗೆ ಸಾಗಿಸುತ್ತದೆ. ಹೀಟ್ ಶ್ರಿಂಕ್ ಟ್ಯೂಬು ಕೂಡ ದಪ್ಪ ಭಾಗದ ಮೇಲೆ ಬಿಗಿಯಾಗಿ ಕೂತಲ್ಲಿ ತೆಳುವಾಗಿರುತ್ತದೆ. ಆ ಗ್ಲೂ ತೆಗೆದುಹಾಕಿ, ಮೊದಲ ಟ್ಯೂಬಿನ ಮೇಲೆ ಅದಕ್ಕಿಂತ ಒಂದು ಸೆಂಟಿಮೀಟರ್ ಉದ್ದವಾದ ಇನ್ನೊಂದು ಟ್ಯೂಬನ್ನು ತೊಡಿಸಿ, ಬಿಸಿ ಇರುವಾಗಲೇ ಎರಡೂ ತುದಿಗಳನ್ನು ಚಪ್ಪಟೆ ಇಕ್ಕಳದಿಂದ ಒತ್ತಿ ಹಿಡಿಯಿರಿ. ಬೆನ್ನಿಗೆ ಕಪ್ಪು ಬಣ್ಣ ಬಳಿಯಲು ಹೋಗಬೇಡಿ. ಅನೇಕ ಕಪ್ಪು ಬಣ್ಣಗಳಲ್ಲಿ ಇಂಗಾಲದ ಪುಡಿ ಇರುತ್ತದೆ, ಎರಡು ಕಾಲುಗಳ ನಡುವೆ ಅದು ಕೂತರೆ ಬೆಳಕಿನ ಸೋರಿಕೆ ಹೋಗಿ ಕರೆಂಟಿನ ಸೋರಿಕೆ ಬರುತ್ತದೆ. ಬೆಸುಗೆಯಿಂದ ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ ಕೂಡ ಮೆಗಾಓಮ್‌ಗಳ ಮಟ್ಟದಲ್ಲಿ ಅದೇ ಕೆಲಸ ಮಾಡಬಲ್ಲದು, ಆದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯಿರಿ.

ಎರಡನೆಯದು ಒಳಗಿನ ಎಲ್‌ಇಡಿ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಟಿಎಲ್072ನಲ್ಲಿ ಇನ್‌ಪುಟ್ ಆಫ್‌ಸೆಟ್ (ಸೊನ್ನೆ ಇರಬೇಕಾದಲ್ಲಿ ಉಳಿಯುವ ಸಣ್ಣ ವೋಲ್ಟೇಜ್) ಸಾಮಾನ್ಯವಾಗಿ 3 ಮಿಲಿವೋಲ್ಟ್ ಇರುತ್ತದೆ, 10 ಮಿಲಿವೋಲ್ಟ್ ತನಕವೂ ಇರಬಹುದು. ನಿಮ್ಮ ಎಲ್‌ಇಡಿ ಫೀಡ್‌ಬ್ಯಾಕ್ ಹಾದಿಯಲ್ಲಿರುವುದರಿಂದ ಆ ಆಫ್‌ಸೆಟ್ಟೂ ಎನ್ವೆಲಪ್ ವಿಶ್ರಾಂತಿಯಲ್ಲಿರುವಾಗ ಉಳಿಸಿಕೊಳ್ಳುವ ಅಲ್ಪಸ್ವಲ್ಪ ವೋಲ್ಟೇಜೂ ನೇರವಾಗಿ 470 ಓಮಿನ ಮೇಲೆ ಬಂದು ಕೂರುತ್ತವೆ. 10 ಮಿಲಿವೋಲ್ಟನ್ನು 470ರಿಂದ ಭಾಗಿಸಿದರೆ 21 ಮೈಕ್ರೊಆಂಪಿಯರ್. ಇದು ಲೆಕ್ಕಕ್ಕಿಲ್ಲ ಎನಿಸಬಹುದು, ಆದರೆ ಈಗಿನ ಎಲ್‌ಇಡಿಗಳು ಇಷ್ಟರಲ್ಲೇ ಕತ್ತಲೆಯಲ್ಲಿ ಕಣ್ಣಿಗೆ ಕಾಣುವಷ್ಟು ಮಿನುಗುತ್ತವೆ. ಕೆಲವೇ ಮಿಲಿಮೀಟರ್ ಎದುರಿಗೆ ಮುಖ ಮಾಡಿ ಕೂತ ಎಲ್‌ಡಿಆರಿಗೆ ಅಷ್ಟು ಬೆಳಕು ಸಾಕು. ನಾಬ್ ಸೊನ್ನೆಯಲ್ಲಿಟ್ಟು, ಎನ್ವೆಲಪ್ ಕೇಬಲ್ ಚುಚ್ಚಿರುವಾಗಲೇ, 470 ಓಮಿನ ಎರಡು ತುದಿಗಳ ನಡುವೆ ಮಲ್ಟಿಮೀಟರನ್ನು ಮಿಲಿವೋಲ್ಟಿನಲ್ಲಿ ಹಿಡಿದು ನೋಡಿ.

ಮದ್ದು ಸರಳವಾಗಿದೆ. ಪ್ರತಿ ಎಲ್‌ಇಡಿಯ ಎರಡು ಕಾಲುಗಳ ನಡುವೆ 47 ಕಿಲೋಓಮಿನ ಒಂದು ರೆಸಿಸ್ಟರ್ ಬೆಸೆಯಿರಿ. 21 ಮೈಕ್ರೊಆಂಪಿಯರ್ ಅದರಲ್ಲಿ ಹರಿದರೆ ಅಲ್ಲಿ 1 ವೋಲ್ಟ್ ಬೀಳುತ್ತದೆ; ಕೆಂಪು ಎಲ್‌ಇಡಿ ಬೆಳಗಲು ಅದು ಸಾಲದು, ಆದ್ದರಿಂದ ಆ ಪುಡಿ ಕರೆಂಟೆಲ್ಲ ರೆಸಿಸ್ಟರಿನಲ್ಲೇ ಹೋಗುತ್ತದೆ. ಗೇಟು ಪೂರ್ತಿ ತೆರೆದಾಗ ಎಲ್‌ಇಡಿಯಲ್ಲಿ ಮಿಲಿಆಂಪಿಯರ್‌ಗಳು ಹರಿಯುತ್ತವೆ, ಈ ರೆಸಿಸ್ಟರ್ ಕದಿಯುವುದು 40 ಮೈಕ್ರೊಆಂಪಿಯರ್‌ಗಿಂತ ಕಡಿಮೆ; ಕಿವಿಗೆ ವ್ಯತ್ಯಾಸ ಗೊತ್ತಾಗದು.

ಇನ್ನು 'ಎರಡೂ' ಸ್ಥಾನದ ವಿಷಯ. ಅಲ್ಲಿ ಬೆಳಕನ್ನು ಪೂರ್ತಿಯಾಗಿ ತಡೆದರೂ ನಿಮ್ಮ ತೊಂದರೆ ಹೋಗುವುದಿಲ್ಲ ಎಂದು ಈಗಲೇ ಹೇಳುತ್ತೇನೆ. ಎಲ್‌ಡಿಆರ್ 1 ಮೆಗಾಓಮಿಗೆ ಏರಿದಾಗ ನಿಮ್ಮ 1 ನ್ಯಾನೊಫ್ಯಾರಡ್ ಕೆಪಾಸಿಟರಿನೊಂದಿಗೆ ಸೇರಿ ಅದು ಕತ್ತರಿಸುವ ಕಂಪನಾಂಕ, ಅಂದರೆ ಯಾವುದಕ್ಕಿಂತ ಮೇಲಿನ ಸದ್ದು ತಗ್ಗುತ್ತದೆಯೋ ಅದು, 159 ಹರ್ಟ್ಸ್. ನಿಮ್ಮ ಪಂಚಮ 147 ಹರ್ಟ್ಸ್. ಮುಚ್ಚಿದ ಗೇಟಿನ ಕೆಳಗಿನ ಸಂದಿಯಲ್ಲಿ ಅದು ತಲೆ ಬಗ್ಗಿಸುವ ಅಗತ್ಯವೂ ಇಲ್ಲದೆ ಹಾದುಹೋಗುತ್ತದೆ. ಜೊತೆಗೆ ಕೆಳಗಿರುವ 4.7 ಮೆಗಾಓಮ್ ಮೇಲಿನ 2 ಮೆಗಾಓಮಿಗಿಂತ ದೊಡ್ಡದಾದ್ದರಿಂದ, ಆ ಹಂಚಿಕೆಯಲ್ಲಿ ಇಳಿಯುವುದು 3 ಡೆಸಿಬಲ್ ಮಾತ್ರ. ಇದು ನಿಮ್ಮ ಕೈಕೆಲಸದ ದೋಷವಲ್ಲ; ಬಿಡಿಭಾಗದ ಆಯ್ಕೆ. 1970ರಲ್ಲಿ ಸಿಂಥಸೈಸರ್ ತಯಾರಕ ಡಾನ್ ಬುಕ್ಲಾ ಅವರ 200 ಸರಣಿಯೊಂದಿಗೆ ಬಂದ 292 ಎಂಬ ಲೋಪಾಸ್ ಗೇಟಿನ ಹೆಸರಿನೊಂದಿಗೆ ಸೇರಿಕೊಂಡಿರುವ ವ್ಯಾಕ್ಟ್ರಾಲ್ ವಿಟಿಎಲ್5ಸಿ3. ಅದರ ಕತ್ತಲೆಯ ರೋಧ, ಬೆಳಕು ಆರಿದ 10 ಸೆಕೆಂಡಿನ ನಂತರ, ಕನಿಷ್ಠ 10 ಮೆಗಾಓಮ್. ಅದೇ 1 ನ್ಯಾನೊಫ್ಯಾರಡ್‌ಗೆ ಅದನ್ನು ಸೇರಿಸಿದರೆ ಕತ್ತರಿಸುವ ಕಂಪನಾಂಕ 16 ಹರ್ಟ್ಸ್‌ಗೆ ಇಳಿಯುತ್ತದೆ, ನಿಮ್ಮ ಪಂಚಮಕ್ಕಿಂತ ಮೂರು ಸ್ಥಾಯಿಗೂ ಹೆಚ್ಚು ಕೆಳಗೆ. ಜಿಎಲ್ ಸರಣಿಯಲ್ಲೇ ಜಿಎಲ್5549 ಎಂಬುದಿದೆ. ಅದರ ಕತ್ತಲೆಯ ರೋಧವೂ 10 ಮೆಗಾಓಮ್. ಅಂಗಡಿಯಲ್ಲಿ "ಎಲ್‌ಡಿಆರ್ ಕೊಡಿ" ಎಂದರೆ 5528 ಕೊಡುತ್ತಾರೆ; ಸಂಖ್ಯೆ ಹೇಳಿ ಕೇಳಬೇಕು.

ನಂದಿತಪ್ಪಲು, ಚಿಕ್ಕಬಳ್ಳಾಪುರ

ಬೆಸುಗೆಕಡ್ಡಿ ಸರ್ ಬರೆದ ಲೆಕ್ಕಕ್ಕೆ ನಾನು ಸೇರಿಸುವಂಥದ್ದು ಹೆಚ್ಚಿಲ್ಲ. ಆದರೆ ಕೇಳುವವರ ಕಡೆಯಿಂದ ಒಂದು ಮಾತು ಹೇಳಬೇಕಾಗಿದೆ.

ಲೋಪಾಸ್ ಗೇಟಿನಲ್ಲಿ ನಾವು ಮೆಚ್ಚುವ ಆ ಬಾಲ, ಸ್ವರ ಮುಗಿದ ಮೇಲೂ ಮಂಕಾಗುತ್ತ ಉಳಿಯುವ ಆ ಉಸಿರು, ಎಲ್‌ಡಿಆರ್ ಬೆಳಕನ್ನು ತಡವಾಗಿ ಮರೆಯುವುದರಿಂದ ಬರುತ್ತದೆ. ಮೊದಲು ಬೇಗ ಇಳಿದು, ಆಮೇಲೆ ನಿಧಾನವಾಗಿ, ಇನ್ನೂ ನಿಧಾನವಾಗಿ ಇಳಿಯುವ ಆ ವಕ್ರರೇಖೆಯ ಕೊನೆಯ ಭಾಗವನ್ನೇ ನಾವು ಸೋರಿಕೆ ಎಂದು ಕರೆಯುತ್ತಿದ್ದೇವೆ. ಡೋಪ್ಫರ್‌ನ ಎ-101-2, ಮೇಕ್ ನಾಯ್ಸ್‌ನ ಆಪ್ಟೊಮಿಕ್ಸ್‌ನಂತಹ ಮಾಡ್ಯೂಲ್‌ಗಳ ಒಳಗಿರುವುದೂ ವ್ಯಾಕ್ಟ್ರಾಲ್‌ಗಳೇ. ಅವುಗಳಿಗೂ ಇದೇ ಭೌತಶಾಸ್ತ್ರ. ಆದ್ದರಿಂದ ಬೆಳಕಿನ ಸಂದುಗಳನ್ನು ಮುಚ್ಚುವುದು ಸರಿ, ಎಲ್‌ಇಡಿಗೆ ಅಡ್ಡ ರೆಸಿಸ್ಟರ್ ಹಾಕುವುದೂ ಸರಿ. ಗೇಟಿನ ಹಿಂದೆ ಇನ್ನೊಂದು ವಿಸಿಎ ಇಟ್ಟು ಎಲ್ಲವನ್ನೂ ಕತ್ತರಿಸಿಬಿಡುವ ಯೋಚನೆ ಬಂದರೆ ಮಾತ್ರ ತಡೆದು ಯೋಚಿಸಿ. 2164 ಚಿಪ್ಪಿನ ವಿಸಿಎ ಸದ್ದನ್ನು 100 ಡೆಸಿಬಲ್‌ನಷ್ಟು ತಗ್ಗಿಸಬಲ್ಲದು ನಿಜ, ಆದರೆ ಅದಕ್ಕೆ ಕೊಡುವ ಎನ್ವೆಲಪ್ ವ್ಯಾಕ್ಟ್ರಾಲ್‌ನ ಬಾಲಕ್ಕಿಂತ ಮೊದಲೇ ಮುಗಿದರೆ ನೀವು ಲೋಪಾಸ್ ಗೇಟನ್ನು ಕಟ್ಟಿದ ಉದ್ದೇಶವೇ ಹೋಗುತ್ತದೆ.

ಅದರ ಬದಲು 'ಎರಡೂ' ಸ್ಥಾನದ 4.7 ಮೆಗಾಓಮನ್ನು 100 ಕಿಲೋಓಮಿಗೆ ಇಳಿಸಿ ನೋಡಿ. ಮೇಲಿನ ಎಲ್‌ಡಿಆರ್‌ಗಳು ಸೇರಿ 2 ಮೆಗಾಓಮ್ ಇದ್ದರೂ ಆಗ 26 ಡೆಸಿಬಲ್ ಇಳಿಯುತ್ತದೆ. ಗೇಟು ತೆರೆದಿರುವಾಗ ಎಲ್‌ಡಿಆರ್ ಕೆಲವು ಕಿಲೋಓಮಿಗೆ ಇಳಿದಿರುವುದರಿಂದ ಗಟ್ಟಿತನ ಕಡಿಮೆಯಾಗುವುದಿಲ್ಲ. ಬೆಲೆ ಇಷ್ಟು: ಸ್ವರ ಆರುವಾಗ ಸದ್ದು ಹೊಳಪಿಗಿಂತ ಸ್ವಲ್ಪ ಮುಂಚೆ ಇಳಿಯುತ್ತದೆ, ಗುಣ ಒಂದಿಷ್ಟು ವಿಸಿಎಯ ಕಡೆಗೆ ವಾಲುತ್ತದೆ. ನಾನು 470, 220, 100 ಕಿಲೋಓಮ್ ಹೀಗೆ ಒಂದೊಂದನ್ನೂ ಮೊಸಳೆ ಕ್ಲಿಪ್ಪಿನಲ್ಲಿ ಸಿಕ್ಕಿಸಿ ಕೇಳಿ ಆರಿಸಿಕೊಂಡೆ. ನನ್ನ ಕಿವಿಗೆ 220 ಹಿಡಿಸಿತು. ನಿಮ್ಮಲ್ಲಿ ಪಂಚಮ ಪೂರ್ತಿ ಹೋಗಬೇಕಾದ್ದರಿಂದ 100ರಿಂದಲೇ ತೊಡಗಿ.

ಶ್ರುತಿಪೆಟ್ಟಿಗೆ, ತುಮಕೂರು

ಮೂವರಿಗೂ ನಾನು ಋಣಿ. ಮೂರು ದಿನ ಸಂಜೆ ಕೂತು ನೀವು ಹೇಳಿದ ಕ್ರಮದಲ್ಲೇ ಮಾಡಿದೆ, ಕಂಡದ್ದನ್ನು ಬರೆಯುತ್ತೇನೆ.

ಇನ್‌ಪುಟ್ ಕೇಬಲ್ ಕಿತ್ತ ಕೂಡಲೇ ಪಂಚಮ ಪೂರ್ತಿ ನಿಂತಿತು, ಆದ್ದರಿಂದ ಸದ್ದು ಗೇಟಿನ ಮೂಲಕವೇ ಬರುತ್ತಿದೆ ಎಂದು ಖಚಿತವಾಯಿತು. ಮತ್ತೆ ಚುಚ್ಚಿ, ಹೆಡ್‌ಫೋನ್ ಹಾಕಿಕೊಂಡು ಟ್ಯೂಬ್‌ಲೈಟ್ ಆರಿಸಿದೆ. ಆ ನಿಮಿಷವನ್ನು ನಾನು ಬಹಳ ದಿನ ಮರೆಯಲಾರೆ. ಕತ್ತಲಾದ ತಕ್ಷಣ ಏನೂ ಆಗಲಿಲ್ಲ. ಆಮೇಲೆ, ತೇರು ಬೀದಿಯ ತಿರುವು ದಾಟಿದಾಗ ನಾದಸ್ವರದ ಸದ್ದು ದೂರವಾಗುವಂತೆ, ಪಂಚಮ ಹಿಂದೆ ಹಿಂದೆ ಸರಿಯಿತು. ಸ್ಕೋಪಿನಲ್ಲಿ 180 ಇದ್ದದ್ದು ಒಂದು ನಿಮಿಷದಲ್ಲಿ 60 ಮಿಲಿವೋಲ್ಟಿಗೆ ಬಂದು ಅಲ್ಲಿಯೇ ನಿಂತಿತು. ಟಾರ್ಚನ್ನು ಮುಂಫಲಕದ ಎದುರು ಹಿಡಿದರೆ ಸ್ವಲ್ಪವೇ ಏರಿತು. ಬೋರ್ಡಿನ ಬೆನ್ನಿನ ಕಡೆಯಿಂದ, ಎಲ್‌ಡಿಆರಿನ ಕಾಲುಗಳಿರುವಲ್ಲಿ ಹಿಡಿದಾಗ ಆಸಿಲೇಟರನ್ನು ನೇರವಾಗಿ ಸ್ಪೀಕರಿಗೆ ಕೊಟ್ಟಂತೆ ಕೇಳಿತು. ಬಿಳಿ ಪಿಂಗಾಣಿಯ ವಿಷಯ ಅಕ್ಷರಶಃ ನಿಜ. ನಾನು ಹಾಕಿದ್ದ ಗ್ಲೂ ಹಾಲುಬಣ್ಣದ್ದೇ.

ಉಳಿದ 60 ಮಿಲಿವೋಲ್ಟ್ ಎಲ್‌ಇಡಿಯದ್ದು. 470 ಓಮಿನ ಮೇಲೆ 9 ಮಿಲಿವೋಲ್ಟ್ ಇತ್ತು, ಅಂದರೆ 19 ಮೈಕ್ರೊಆಂಪಿಯರ್. ಒಂದು ವ್ಯಾಕ್ಟ್ರಾಲ್‌ನ ಟ್ಯೂಬನ್ನು ಬ್ಲೇಡಿನಿಂದ ಸೀಳಿ, ಕತ್ತಲೆ ಕೋಣೆಯಲ್ಲಿ ಕಣ್ಣು ಒಗ್ಗಿದ ಮೇಲೆ ನೋಡಿದರೆ ಎಲ್‌ಇಡಿಯೊಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣುತ್ತಿತ್ತು. ಹಗಲಿನಲ್ಲಿ ಅದು ಆರಿದೆ ಎಂದು ಯಾರಾದರೂ ಆಣೆ ಮಾಡಿ ಹೇಳುತ್ತಿದ್ದರು.

ಎಲ್ಲ ಎಂಟು ವ್ಯಾಕ್ಟ್ರಾಲ್‌ಗಳ ಗ್ಲೂ ಕಿತ್ತು, ಎರಡನೆಯ ಟ್ಯೂಬು ತೊಡಿಸಿ, ತುದಿಗಳನ್ನು ಒತ್ತಿದೆ, ಎಲ್‌ಇಡಿಗಳಿಗೆ 47 ಕಿಲೋಓಮ್ ಬೆಸೆದೆ, ಫ್ಲಕ್ಸ್ ತೊಳೆದೆ. ಈಗ ವಿಸಿಎ ಸ್ಥಾನದಲ್ಲಿ ಮುಚ್ಚಿದ ಗೇಟಿನಲ್ಲಿ 13 ಮಿಲಿವೋಲ್ಟ್ ಉಳಿದಿದೆ, ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಅಷ್ಟೇ. 33 ಡೆಸಿಬಲ್ ಇದ್ದ ಇಳಿತ 56 ಡೆಸಿಬಲ್ ಆಗಿದೆ.

'ಎರಡೂ' ಸ್ಥಾನದಲ್ಲಿ ಮಾತ್ರ ಬೆಸುಗೆಕಡ್ಡಿಯವರು ಮೊದಲೇ ಹೇಳಿದಂತೆಯೇ ಆಯಿತು: ಇಷ್ಟೆಲ್ಲ ಮಾಡಿದ ಮೇಲೂ 3.5 ವೋಲ್ಟ್ ಹಾಗೆಯೇ ಬರುತ್ತಿತ್ತು. ನಂದಿತಪ್ಪಲು ಅವರ ಸಲಹೆಯಂತೆ 100 ಕಿಲೋಓಮ್ ಹಾಕಿದಾಗ 280 ಮಿಲಿವೋಲ್ಟಿಗೆ ಇಳಿಯಿತು, ಅಂದರೆ 29 ಡೆಸಿಬಲ್. ಅಕ್ಕನನ್ನು ಕೂರಿಸಿ ಕೇಳಿಸಿದೆ. ಸ್ವರ ಆರುವ ರೀತಿ ಬದಲಾದದ್ದು ಅವಳಿಗೆ ಗೊತ್ತಾಯಿತು, ಆದರೆ ಅದು ಬಟ್ಟಲಿಗೆ ನೀರು ಸ್ವಲ್ಪ ಹೆಚ್ಚು ಹಾಕಿದಂತಿದೆ, ಪರವಾಗಿಲ್ಲ ಎಂದಳು. ಪಂಚಮ ಇನ್ನೂ ಇದೆ ಎಂದೂ ಹೇಳಿದಳು. ಹಾಡು ನಡೆಯುತ್ತಿರುವಾಗ ಕೇಳುವುದಿಲ್ಲ, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಕೇಳುತ್ತದೆ. ಅವಳು ನಿಲ್ಲಿಸುವುದು ಮೌನಕ್ಕಾಗಿಯೇ ಆದ್ದರಿಂದ ಇದನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. ಜಿಎಲ್5549 ತರಿಸುತ್ತಿದ್ದೇನೆ.

ಬೆಸುಗೆಕಡ್ಡಿ, ಕೆಜಿಎಫ್

ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. 5549 ಬಂದ ಮೇಲೆ ಎರಡು ಸಂಗತಿಗಳನ್ನು ನೆನಪಿನಲ್ಲಿಡಿ. ಒಂದು, ಹೊರಗೆ ಬೆಳಕಿನಲ್ಲಿದ್ದ ಎಲ್‌ಡಿಆರನ್ನು ಟ್ಯೂಬಿನೊಳಗೆ ಸೇರಿಸಿದ ಕೂಡಲೇ ಅಳೆಯಬೇಡಿ. ಅದರೊಳಗಿನ ಕ್ಯಾಡ್ಮಿಯಮ್ ಸಲ್ಫೈಡ್ ತಾನು ಕಂಡ ಬೆಳಕನ್ನು ಬಹಳ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಅಳೆಯಿರಿ. ಎರಡು, 5549ಗೆ ಅದೇ ಬೆಳಕಿನಲ್ಲಿ 5528ಗಿಂತ ರೋಧ ಹೆಚ್ಚು, ಆದ್ದರಿಂದ ಗೇಟು ಪೂರ್ತಿ ತೆರೆದಾಗ ಸದ್ದು ಮೊದಲಿನಷ್ಟು ಹೊಳೆಯದಿರಬಹುದು. ಹಾಗಾದರೆ 470 ಓಮನ್ನು 330ಕ್ಕೆ ಇಳಿಸಿ. ಆಗ ಆಫ್‌ಸೆಟ್‌ನ ಕರೆಂಟೂ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬುದನ್ನು ಮರೆಯದೆ, 47 ಕಿಲೋಓಮನ್ನು 33ಕ್ಕೆ ಬದಲಿಸಿ. ಜಿಎಲ್ ಸರಣಿಯ ಎಲ್‌ಡಿಆರ್‌ಗಳು ಹೆಚ್ಚು ಸ್ಪಂದಿಸುವುದು 540 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕಿಗೆ; ಕೆಂಪು ಎಲ್‌ಇಡಿಯ ಜಾಗದಲ್ಲಿ ಹಸಿರನ್ನು ಇಟ್ಟು ನೋಡುವುದೂ ಒಳ್ಳೆಯದು.

ಶ್ರುತಿಪೆಟ್ಟಿಗೆ, ತುಮಕೂರು

ಮೂರನೆಯ ಚಾನೆಲ್‌ಗೆ ಮಾತ್ರ 5549 ಮತ್ತು ಹಸಿರು ಎಲ್‌ಇಡಿ ಹಾಕಿದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದಾಗ ಎರಡು ಎಲ್‌ಡಿಆರ್‌ಗಳ ಒಟ್ಟು ರೋಧ ನನ್ನ ಮಲ್ಟಿಮೀಟರಿನ 20 ಮೆಗಾಓಮ್ ಮಿತಿಯನ್ನು ದಾಟಿತ್ತು. 'ಎರಡೂ' ಸ್ಥಾನದಲ್ಲಿ ಗೇಟು ಮುಚ್ಚಿದ ಹತ್ತು ಸೆಕೆಂಡಿನ ನಂತರ ಉಳಿಯುವ ಸದ್ದು ಸ್ಕೋಪಿನ ಗೆರೆಯ ದಪ್ಪದಲ್ಲೇ ಮರೆಯಾಗುತ್ತದೆ. ಹಸಿರು ಎಲ್‌ಇಡಿಯಿಂದಾಗಿ ಹೊಳಪು ಕಡಿಮೆಯಾಗಲಿಲ್ಲ, ಆದ್ದರಿಂದ 470 ಓಮನ್ನು ಮುಟ್ಟಲಿಲ್ಲ. ಉಳಿದ ಮೂರು ಚಾನೆಲ್‌ಗಳನ್ನು 5528ರಲ್ಲೇ ಬಿಟ್ಟಿದ್ದೇನೆ. ಅವುಗಳಲ್ಲಿ ಷಡ್ಜ ಮತ್ತು ಮಧ್ಯಮ ಹೋಗುತ್ತವೆ, ಅವು ಸ್ವಲ್ಪ ಉಳಿದುಕೊಂಡರೆ ಹಿಂದೋಳಕ್ಕೆ ಶ್ರುತಿ ಹಿಡಿದಂತೆಯೇ ಆಗುತ್ತದೆ ಎಂದು ಅಕ್ಕ ಹೇಳಿದಳು.